ಚೇಣಿಗೆ ಕಣ್ಣಳತೆ, ಮ್ಯಾನೇಜರ್‌ಗೆ ಯಾವ ಅಳತೆ?

ಆಟದ ಕಟ್ಟೆ: ಓದುಗರ ಪ್ರಶ್ನೆಗೆ ಶಿವಮೊಗ್ಗದ ಹಳೇ ಚೇಣಿದಾರನ ಉತ್ತರ

ಪ್ರಶ್ನೆ: ನನ್ನ ಮಗ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದಾನೆ. ಅವನಿಗೆ ಅಮೆರಿಕನ್ ಫುಟ್‌ಬಾಲ್ ಹುಚ್ಚು. ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್ ಅವನ ತಂಡ. ಸೋಮವಾರ ಬೆಳಿಗ್ಗೆ ನಮಗೆ ಫೋನ್ ಮಾಡುತ್ತಾನೆ. ತಂಡ ಗೆದ್ದಿದ್ದರೆ ಕೋಚ್‌ನ ಹೊಗಳುತ್ತಾನೆ. ಸೋತಿದ್ದರೆ ಜನರಲ್ ಮ್ಯಾನೇಜರ್‌ಗೆ ಬೈಯುತ್ತಾನೆ. ಮೂವತ್ತಾರು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವನು ನಾನು. ಮೈದಾನಕ್ಕೇ ಇಳಿಯದ ಈ ಮನುಷ್ಯನಿಗೆ ಅಂಕ ಹಾಕುವುದು ಹೇಗೆ ಅಂತ ನನಗೆ ಗೊತ್ತಾಗುತ್ತಿಲ್ಲ. ನೀವು ಅಮೆರಿಕ ನೋಡಿ ಬಂದವರು, ಸ್ವಲ್ಪ ತಿಳಿಸಿ.
ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ

ಉತ್ತರ: ಮೇಷ್ಟ್ರೇ, ಮೊದಲೇ ಹೇಳಿಬಿಡುತ್ತೇನೆ, ನಾನು ಎದುರು ಪಾರ್ಟಿಯವನು. ಮಗಳು, ಅಳಿಯ ಇರುವುದು ಕಾನ್ಸಸ್ ಸಿಟಿ ಪಕ್ಕದ ಓವರ್‌ಲ್ಯಾಂಡ್ ಪಾರ್ಕ್‌ನಲ್ಲಿ. ಮೊಮ್ಮಗುವನ್ನು ನೋಡಿಕೊಳ್ಳಲು ಅಂತ ಹೋಗಿ ಒಂದು ಚಳಿಗಾಲ ಅಲ್ಲೇ ಕಳೆದೆವು. 2024ರ ಫೆಬ್ರವರಿ 11ರ ರಾತ್ರಿ ಅಲ್ಲಿಯ ಕಾನ್ಸಸ್ ಸಿಟಿ ಚೀಫ್ಸ್ ತಂಡ ನಿಮ್ಮ ಮಗನ ತಂಡವನ್ನು ಫೈನಲ್‌ನಲ್ಲಿ 25–22ರಿಂದ ಸೋಲಿಸಿತು. ಅದೂ ಹೆಚ್ಚುವರಿ ಸಮಯದಲ್ಲಿ. ಫೈನಲ್‌ಗೆ ಅವರು ಸೂಪರ್ ಬೌಲ್ ಅನ್ನುತ್ತಾರೆ. ಅಳಿಯ ಕೆಂಪು ಅಂಗಿ ಹಾಕಿಕೊಂಡು ಸೋಫಾ ಹತ್ತಿ ಕುಣಿದ. ನಾನು ಒಗ್ಗರಣೆ ಅವಲಕ್ಕಿ ತಟ್ಟೆ ಹಿಡಿದು ಕೂತಿದ್ದೆ. ಆಟ ಅರ್ಧ ಅರ್ಥವಾಗಿತ್ತು, ಅರ್ಧ ಇಲ್ಲ. ಆರು ಸೆಕೆಂಡ್ ಓಡುತ್ತಾರೆ, ಅರ್ಧ ನಿಮಿಷ ನಿಂತು ಮಾತಾಡುತ್ತಾರೆ. ಆದರೆ ಆಟದ ಹಿಂದಿನ ವ್ಯಾಪಾರ ಇದೆಯಲ್ಲ, ಅದು ಮಾತ್ರ ಮೊದಲ ವಾರವೇ ತಲೆಗೆ ಹತ್ತಿತು. ಯಾಕೆಂದರೆ ಅದು ನಮ್ಮ ಚೇಣಿ ವ್ಯಾಪಾರವೇ.

ಆಡಿಸುವವನು ಕೋಚ್, ತಂಡ ಕಟ್ಟುವವನು ಮ್ಯಾನೇಜರ್. ಯಾರನ್ನು ತರಬೇಕು, ಎಷ್ಟು ಕೊಡಬೇಕು, ಯಾವಾಗ ಕಳಿಸಬೇಕು, ಇದು ಅವನ ಕೆಲಸ. ಆ ಲೀಗ್‌ನಲ್ಲಿ 32 ತಂಡಗಳು. 1994ರಿಂದ ಸಂಬಳದ ಒಟ್ಟು ಮೊತ್ತಕ್ಕೆ ಮಿತಿ ಹಾಕಿದ್ದಾರೆ. 2023ರಲ್ಲಿ ಅದು 22.48 ಕೋಟಿ ಡಾಲರ್ ಇತ್ತು. ಮಾಲೀಕ ಎಷ್ಟೇ ದೊಡ್ಡ ಸಾಹುಕಾರ ಆಗಿರಲಿ, ಹೆಚ್ಚುಕಡಿಮೆ ಎಲ್ಲರ ಜೇಬೂ ಒಂದೇ ಅಳತೆ. ಪ್ರತಿ ವರ್ಷ ಏಪ್ರಿಲ್‌ನಲ್ಲಿ ಡ್ರಾಫ್ಟ್ ಅಂತ ನಡೆಯುತ್ತದೆ. ಕಾಲೇಜಿನಲ್ಲಿ ಆಡಿದ ಹುಡುಗರನ್ನು ಏಳು ಸುತ್ತುಗಳಲ್ಲಿ ಸರದಿ ಪ್ರಕಾರ ಆರಿಸಿಕೊಳ್ಳುತ್ತಾರೆ. ಹಿಂದಿನ ವರ್ಷ ಎಲ್ಲರಿಗಿಂತ ಕೆಳಗಿದ್ದವರಿಗೆ ಮೊದಲ ಸರದಿ. ಆರಿಸಿದ ಹುಡುಗನಿಗೆ ನಾಲ್ಕು ವರ್ಷದ ಕರಾರು. ಎಷ್ಟನೇ ಸರದಿಯಲ್ಲಿ ಬಂದ ಅನ್ನುವುದರ ಮೇಲೆ ಸಂಬಳ. 2011ರಿಂದ ಇದರಲ್ಲಿ ಚೌಕಾಸಿಗೆ ಹೆಚ್ಚು ಜಾಗ ಇಲ್ಲ.

ಈಗ ಚೇಣಿ ಗೊತ್ತಿಲ್ಲದ ಪೇಟೆ ಓದುಗರಿಗೆ ಎರಡು ಮಾತು. ತೋಟದ ಅಡಿಕೆ ಇನ್ನೂ ಮರದ ಮೇಲೆ ಇರುವಾಗಲೇ ಫಸಲಿಗೆ ಬೆಲೆ ಕಟ್ಟಿ ಹಿಡಿಯುವುದು ಚೇಣಿ. ಶ್ರಾವಣದಲ್ಲಿ ಮಳೆ ಸ್ವಲ್ಪ ಬಿಟ್ಟಾಗ ತೋಟಕ್ಕೆ ಇಳಿಯುತ್ತಿದ್ದೆ. ಯಜಮಾನರು ಮುಂದೆ, ನಾನು ಹಿಂದೆ. ಕತ್ತು ಮೇಲೆತ್ತಿ ಮರಕ್ಕೆ ಎಷ್ಟು ಕೊನೆ, ಅಂದರೆ ಅಡಿಕೆ ಗೊಂಚಲು, ಒಂದೊಂದು ಕೊನೆಗೆ ಎಷ್ಟು ಕಾಯಿ ಅಂತ ನೋಡುವುದು. ಬುಡದಲ್ಲಿ ಉದುರು ಎಷ್ಟಿದೆ ಅಂತ ಕಾಲಲ್ಲಿ ಕೆದಕುವುದು. ಉದುರಿದ ಕಾಯಿ ಮೇಲೆ ಬಿಳಿ ಬೂಸ್ಟು ಕಂಡರೆ ಕೊಳೆ ರೋಗ ಬಂದಿದೆ ಅಂತ ಲೆಕ್ಕ. ಯಜಮಾನರು ಅದನ್ನು ಮೆಲ್ಲಗೆ ಸೋಗೆ ಅಡಿಗೆ ತಳ್ಳುತ್ತಿದ್ದರು. ನಾನು ನೋಡದ ಹಾಗೆ ಇರುತ್ತಿದ್ದೆ. ಮೇಲೆ ಬಂದು ಜಗಲಿಯಲ್ಲಿ ಕೂತಾಗ ಇಬ್ಬರ ಕಾಲಲ್ಲೂ ಉಂಬಳ, ಅಂದರೆ ಜಿಗಣೆ. ಅದನ್ನು ಕೀಳುತ್ತಾ, ಕಾಫಿ ಕುಡಿಯುತ್ತಾ ಬೆಲೆ ಮಾತಾಡುವುದು. ಎಲ್ಲಾ ಕಣ್ಣಳತೆ. ದುಡ್ಡು ಈಗ, ಅಡಿಕೆ ಆಮೇಲೆ.

ಸುಗ್ಗಿಯಲ್ಲಿ ಊರವರು ಬಂದು ನನ್ನ ಅಂಗಳದ ರಾಶಿ ನೋಡಿ, "ಈ ವರ್ಷ ಭಾರಿ ಮಾಡಿದ್ರಿ ಮಾರಾಯ್ರೆ" ಅನ್ನುತ್ತಿದ್ದರು. ರಾಶಿ ಎಲ್ಲಕ್ಕಿಂತ ದೊಡ್ಡದಾಗಿದ್ದ ವರ್ಷವೇ ನಾನು ಸಾಲಗಾರನಾಗಿದ್ದು. ಹಿಡಿದ ಬೆಲೆ ಅಷ್ಟು ಜಾಸ್ತಿಯಾಗಿತ್ತು. ಇನ್ನೊಂದು ವರ್ಷ ಅಂಗಳದಲ್ಲಿ ಅರ್ಧ ಚಪ್ಪರ ಖಾಲಿ. ಎಲ್ಲರೂ ಅಯ್ಯೋ ಪಾಪ ಅಂದರು. ಆ ವರ್ಷ ಮಗಳ ಕಾಲೇಜು ಫೀಸು ಕಟ್ಟಿ, ಮನೆಗೆ ಹೆಂಚು ಹೊದೆಸಿದೆ.

ಮ್ಯಾನೇಜರ್‌ನ ಅಳೆಯುವಾಗಲೂ ಮೊದಲು ನೋಡಬೇಕಾದದ್ದು ಇದೇ. ತಂದ ಹುಡುಗ ಒಳ್ಳೆಯವನಾ ಅನ್ನುವುದು ಅರ್ಧ ಪ್ರಶ್ನೆ. ಏನು ಕೊಟ್ಟು ತಂದ, ಆ ದಿನ ಅವನಿಗೆ ಏನು ಗೊತ್ತಿತ್ತು ಅನ್ನುವುದು ಉಳಿದರ್ಧ.

ನಿಮ್ಮ ಮಗನ ತಂಡದ್ದೇ ಉದಾಹರಣೆ ತಗೊಳ್ಳಿ. ಅಲ್ಲಿಯ ಮ್ಯಾನೇಜರ್ ಜಾನ್ ಲಿಂಚ್. ಹಿಂದೆ ಒಳ್ಳೆ ಆಟಗಾರ, ಆಮೇಲೆ ಟಿವಿ ಕಾಮೆಂಟರಿ. 2017ರಲ್ಲಿ ಬಂದು ಈ ಕುರ್ಚಿ ಮೇಲೆ ಕೂತ. 2021ರಲ್ಲಿ ಅವನ ತಂಡ ಡ್ರಾಫ್ಟ್‌ನಲ್ಲಿ 12ನೇ ಸರದಿಯಿಂದ 3ಕ್ಕೆ ಹಾರಿತು. ಅದಕ್ಕೆ ಆ ವರ್ಷದ್ದೂ ಸೇರಿ ಮೂರು ವರ್ಷದ ಮೊದಲ ಸುತ್ತಿನ ಸರದಿಗಳು, ಮೇಲೊಂದು ಮೂರನೇ ಸುತ್ತಿನ ಸರದಿ, ಇಷ್ಟನ್ನು ಮಯಾಮಿ ತಂಡಕ್ಕೆ ಬರೆದುಕೊಟ್ಟರು. ತಂದಿದ್ದು ಟ್ರೇ ಲ್ಯಾನ್ಸ್ ಅನ್ನುವ ಕ್ವಾರ್ಟರ್‌ಬ್ಯಾಕ್‌ನ. ಕ್ವಾರ್ಟರ್‌ಬ್ಯಾಕ್ ಅಂದರೆ ಚೆಂಡು ಎಸೆಯುವವ, ಇಡೀ ಆಟ ಅವನ ಕೈಯಲ್ಲಿ. ಆ ಹುಡುಗ ಕಾಲೇಜಿನಲ್ಲಿ ಪೂರ್ತಿ ಆಡಿದ್ದು ಒಂದೇ ಸೀಸನ್. ಒಂದೇ ಫಸಲು ಕಂಡ ತೋಟಕ್ಕೆ ಮೂರು ವರ್ಷದ ದುಡ್ಡು ಮುಂಗಡ ಕೊಟ್ಟ ಹಾಗೆ. ನಮ್ಮ ಕಡೆ ಹೀಗೆ ಮಾಡಿದರೆ ಹೆಂಡತಿ ಎರಡು ದಿನ ಮಾತಾಡುವುದಿಲ್ಲ. ಎರಡು ವರ್ಷದಲ್ಲಿ ಅವನು ಮೊದಲಿನಿಂದ ಇಳಿದದ್ದು ನಾಲ್ಕು ಪಂದ್ಯಕ್ಕೆ. ಪಾದದ ಗಂಟು ಮುರಿಯಿತು. 2023ರ ಆಗಸ್ಟ್‌ನಲ್ಲಿ ನಾಲ್ಕನೇ ಸುತ್ತಿನ ಒಂದೇ ಒಂದು ಸರದಿಗೆ ಅವನನ್ನು ಡಲ್ಲಾಸ್ ತಂಡಕ್ಕೆ ಕೊಟ್ಟರು.

ಕಾಲು ಮುರಿದಿದ್ದಕ್ಕೆ ಲಿಂಚ್‌ಗೆ ಅಂಕ ಕಳೆಯಬೇಡಿ. ಅದು ಮಳೆ ಕೈಲಿರುವ ಸಂಗತಿ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಸರಿಯಾಗಿ ಹಾಕಿ ಬೋರ್ಡೋ ಹೊಡೆಸಿದವರ ತೋಟಕ್ಕೂ ಕೊಳೆ ಬರುತ್ತದೆ, ಅಲ್ವಾ? ಅಂಕ ಕಳೆಯಬೇಕಾದದ್ದು ಬೆಲೆಗೆ. ಅಷ್ಟು ಕಡಿಮೆ ನೋಡಿ ಅಷ್ಟು ಜಾಸ್ತಿ ಕೊಟ್ಟಿದ್ದಕ್ಕೆ.

ಅದೇ ಲಿಂಚ್ 2022ರ ಡ್ರಾಫ್ಟ್‌ನ ಕೊಟ್ಟಕೊನೆಯ ಸರದಿಯಲ್ಲಿ, 262ನೆಯವನಾಗಿ, ಬ್ರಾಕ್ ಪರ್ಡಿ ಅನ್ನುವ ಹುಡುಗನನ್ನು ತಂದ. ಕೊನೆಗೆ ಬಂದವನನ್ನು ಆ ದೇಶದಲ್ಲಿ 'ಲೆಕ್ಕಕ್ಕಿಲ್ಲದ ಮಹಾಶಯ' ಅನ್ನುವ ಅರ್ಥ ಬರುವ ಹೆಸರಿಟ್ಟು ತಮಾಷೆ ಮಾಡುತ್ತಾರೆ. ಕಾಲೇಜಿನಲ್ಲಿ ನಾಲ್ಕು ವರ್ಷ ಆಡಿದ್ದ ಹುಡುಗ. ನಾಲ್ಕು ಫಸಲು ಕಂಡ ತೋಟ, ಆದರೆ ಮರ ಕುಳ್ಳು ಅಂತ ಯಾರೂ ಒಳಗೆ ಇಳಿದಿರಲಿಲ್ಲ. ಎರಡನೇ ವರ್ಷವೇ ತಂಡವನ್ನು ಸೂಪರ್ ಬೌಲ್‌ಗೆ ಕರೆದುಕೊಂಡು ಹೋದ. ಅಳಿಯ ಸೋಫಾ ಹತ್ತಿದ್ದು ಅವನ ಎದುರಿಗೇ. ಆಗ ಅವನ ಸಂಬಳ ವರ್ಷಕ್ಕೆ ಹತ್ತು ಲಕ್ಷ ಡಾಲರ್‌ಗಿಂತ ಕಡಿಮೆ. ಆ ಜಾಗಕ್ಕೆ ಬೇರೆ ತಂಡದವರು ನಾಲ್ಕೈದು ಕೋಟಿ ಡಾಲರ್ ಸುರಿಯುತ್ತಿದ್ದರು.

ನಿಮ್ಮ ಮಗ ಇಲ್ಲಿ ಒಂದು ಪಾಟೀಸವಾಲು ಹಾಕಬಹುದು. "ಅಪ್ಪಾ, ಪರ್ಡಿ ಅಷ್ಟು ಒಳ್ಳೆಯವನು ಅಂತ ಲಿಂಚ್‌ಗೆ ಗೊತ್ತಿದ್ದರೆ ಕೊನೇವರೆಗೆ ಯಾಕೆ ಕಾದ?" ಸರಿಯಾದ ಪ್ರಶ್ನೆ. ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ನೊಬೆಲ್ ಬಂದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಮತ್ತು ಕೇಡ್ ಮ್ಯಾಸಿ ಅನ್ನುವವರು ಈ ಡ್ರಾಫ್ಟ್ ಲೆಕ್ಕವನ್ನೇ ಕೂತು ಬಿಡಿಸಿದ್ದಾರೆ. ಒಂದೇ ಜಾಗಕ್ಕೆ ಮೊದಲು ಆರಿಸಿದ ಹುಡುಗ, ಅವನ ಹಿಂದೆಯೇ ಆರಿಸಿದವನಿಗಿಂತ ಚೆನ್ನಾಗಿ ಆಡುವ ಸಾಧ್ಯತೆ ಅರ್ಧಕ್ಕಿಂತ ಚೂರೇ ಜಾಸ್ತಿಯಂತೆ. ನಾಣ್ಯ ಚಿಮ್ಮಿದ ಹಾಗೆ. ಮೇಲಿನ ಸರದಿಗೆ ತಂಡಗಳು ಅಗತ್ಯಕ್ಕಿಂತ ಜಾಸ್ತಿ ಬೆಲೆ ಕೊಡುತ್ತವೆ ಅಂತಲೂ ಹೇಳಿದ್ದಾರೆ. ಒಂದು ದೊಡ್ಡ ತೋಟಕ್ಕೆ ಎಲ್ಲಾ ದುಡ್ಡು ಸುರಿಯುವ ಬದಲು ಹತ್ತು ಸಣ್ಣ ತೋಟ ಹಿಡಿಯುವುದು ವಾಸಿ ಅಂತ ನಮ್ಮಪ್ಪ ನೊಬೆಲ್ ಇಲ್ಲದೇ ಹೇಳುತ್ತಿದ್ದರು.

ಆದ್ದರಿಂದ ಪರ್ಡಿ ವಿಷಯದಲ್ಲಿ ಲಿಂಚ್‌ಗೆ "ಕಂಡುಹಿಡಿದ" ಅಂತ ಪೂರ್ತಿ ಅಂಕ ಕೊಡಬೇಡಿ. ಕೆಳಗಿನ ಸುತ್ತುಗಳಲ್ಲಿ ಅವನ ಕೈ ಎಷ್ಟು ಸಲ ಹತ್ತಿದೆ ಅಂತ ನೋಡಿ ಕೊಡಿ. 2017ರಲ್ಲಿ 3ನೇ ಸರದಿಯಲ್ಲಿ ತಂದ ಸಾಲೊಮನ್ ಥಾಮಸ್ ಆ ಸರದಿಗೆ ತಕ್ಕ ಹಾಗೆ ಬೆಳೆಯಲೇ ಇಲ್ಲ. ಅದೇ ವರ್ಷ 146ನೇ ಸರದಿಯಲ್ಲಿ ಬಂದ ಜಾರ್ಜ್ ಕಿಟಲ್ ತನ್ನ ಜಾಗದಲ್ಲಿ ದೇಶಕ್ಕೇ ಮೊದಲ ಸಾಲಿನವನಾದ. 2018ರಲ್ಲಿ 70ನೆಯವನಾಗಿ ಬಂದ ಫ್ರೆಡ್ ವಾರ್ನರ್ ಕೂಡ ಹಾಗೇ. ಒಂದು ಸಲ ಹತ್ತಿದರೆ ಅದೃಷ್ಟ. ಮೂರು ನಾಲ್ಕು ಸಲ ಹತ್ತಿದರೆ ಮಾಲು ನೋಡುವ ಅವನ ಜನ ಚುರುಕಾಗಿದ್ದಾರೆ ಅಂತ ಅರ್ಥ. ವಿಚಿತ್ರ ಏನೆಂದರೆ, ಸಣ್ಣ ವ್ಯಾಪಾರದಲ್ಲಿ ಈ ಮನುಷ್ಯ ಜಾಣ, ದೊಡ್ಡ ವ್ಯಾಪಾರದಲ್ಲಿ ಎಡವುತ್ತಾನೆ. ಹಾಗಂತ ಪೂರ್ತಿ ಹೇಳುವ ಹಾಗೂ ಇಲ್ಲ. 2019ರಲ್ಲಿ 2ನೇ ಸರದಿಯಲ್ಲಿ ತಂದ ನಿಕ್ ಬೋಸಾ ಕೊಟ್ಟ ಬೆಲೆಗೆ ಮೋಸ ಮಾಡಲಿಲ್ಲ.

ಇನ್ನು ಕೈಗೆ ಸಿಕ್ಕಾಗ ತೋಟ ಹೇಗಿತ್ತು ಅನ್ನುವುದು. ಅವನು ಬರುವ ಹಿಂದಿನ ವರ್ಷ ತಂಡ ಎರಡು ಗೆದ್ದು ಹದಿನಾಲ್ಕು ಸೋತಿತ್ತು. ಬಂದ ಮೇಲೆ 6–10, ಆಮೇಲೆ 4–12. ಅಲ್ಲಿಗೇ ಉತ್ತರಪತ್ರಿಕೆ ಕಿತ್ತುಕೊಂಡಿದ್ದರೆ ಫೇಲು. ಮೂರನೇ ವರ್ಷ, 2019ರಲ್ಲಿ, 13–3, ಸೂಪರ್ ಬೌಲ್. ಅದನ್ನೂ ನಮ್ಮ ಅಳಿಯನ ಕಡೆಯವರೇ ಗೆದ್ದರು, ನಿಮ್ಮ ಮಗನ ಹತ್ತಿರ ಆ ಮಾತು ಎತ್ತಬೇಡಿ. ಆಮೇಲೆ ಒಂದು ವರ್ಷ ಇಳಿದು, ಮತ್ತೆ ಏರಿ, 2024ರಲ್ಲಿ 6–11ಕ್ಕೆ ಇಳಿಯಿತು.

ಇದೆಲ್ಲ ಲಿಂಚ್ ಒಬ್ಬನದ್ದೇ ಕೈಯಾ? ಅಲ್ಲ. ಕೋಚ್ ಕೈಲ್ ಶಾನಹನ್, ಲಿಂಚ್ ಇಬ್ಬರೂ 2017ರಲ್ಲಿ ಒಟ್ಟಿಗೇ ಬಂದವರು. ಇಬ್ಬರಿಗೂ ಆರಾರು ವರ್ಷದ ಕರಾರು. ಆಟಗಾರರ ಆಯ್ಕೆಯಲ್ಲಿ ಕೋಚ್ ಮಾತೂ ಜೋರಾಗಿ ನಡೆಯುವ ಮನೆ ಅದು. ಮದುವೆ ಮನೆಯಲ್ಲಿ ಸಾರು ಕೆಟ್ಟರೆ ಸಾಮಾನು ತಂದವನನ್ನು ಬೈಯಬೇಕಾ, ಸೌಟು ಹಿಡಿದವನನ್ನಾ? ಇಬ್ಬರೂ ಒಟ್ಟಿಗೇ ಪೇಟೆಗೆ ಹೋಗಿದ್ದರೆ ಇಬ್ಬರನ್ನೂ ಬೈಯಿರಿ. ಗೆದ್ದಾಗ ಕೋಚ್‌ಗೆ ಹಾರ, ಸೋತಾಗ ಮ್ಯಾನೇಜರ್‌ಗೆ ಬೈಗುಳ ಅಂತ ಹಂಚಿದರೆ ಅದು ನ್ಯಾಯ ಅಲ್ಲ ಅಂತ ನಿಮ್ಮ ಮಗನಿಗೆ ಹೇಳಿ.

ನನ್ನ ಕೈಗೆ ಕೆಂಪು ಪೆನ್ನು ಕೊಟ್ಟರೆ 2024ರವರೆಗಿನ ಲೆಕ್ಕಕ್ಕೆ ನೂರಕ್ಕೆ 72 ಹಾಕುತ್ತೇನೆ. ಲ್ಯಾನ್ಸ್ ವ್ಯಾಪಾರಕ್ಕೇ ಹದಿನೈದು ಕಳೆದಿದ್ದೇನೆ. ಆ ತಪ್ಪನ್ನು ಎರಡೇ ವರ್ಷದಲ್ಲಿ ಒಪ್ಪಿಕೊಂಡು ಕೈ ತೊಳೆದುಕೊಂಡಿದ್ದಕ್ಕೆ ಐದು ವಾಪಸ್ ಕೊಟ್ಟಿದ್ದೇನೆ. ತುಂಬಾ ಜನ ಮ್ಯಾನೇಜರ್‌ಗಳು, ದುಬಾರಿ ಕೊಟ್ಟು ತಂದೆ ಅನ್ನುವ ಒಂದೇ ಕಾರಣಕ್ಕೆ ನಾಲ್ಕು ವರ್ಷ ಆಡಿಸಿ ತಂಡ ಮುಳುಗಿಸುತ್ತಾರೆ. 2025ರ ಮೇನಲ್ಲಿ ಪರ್ಡಿಗೆ ಐದು ವರ್ಷಕ್ಕೆ 26.5 ಕೋಟಿ ಡಾಲರ್‌ನ ಕರಾರು ಬರೆದುಕೊಟ್ಟಿದ್ದಾರೆ. ಅಗ್ಗದ ಕಾಲ ಮುಗಿಯಿತು. ಇನ್ನು ಮೇಲಿನ ಪರೀಕ್ಷೆಗೆ ಬೇರೆ ಉತ್ತರಪತ್ರಿಕೆ. ನಿಮ್ಮ ಮಗ 72 ಜಾಸ್ತಿಯಾಯ್ತು ಅಂದರೆ ಮರುಮೌಲ್ಯಮಾಪನಕ್ಕೆ ಕಳಿಸಿ, ಫೀಸು ಬೇಡ.

ಪ್ರಶ್ನೆ: ಅಂಕಲ್, ಇಷ್ಟೆಲ್ಲ ತಲೆ ಕೆಡಿಸಿಕೊಳ್ಳೋದು ಯಾಕೆ? ಕಪ್ ಗೆದ್ರೆ ಒಳ್ಳೆ ಮ್ಯಾನೇಜರ್, ಇಲ್ಲಾಂದ್ರೆ ಮನೆಗೆ. ಅಷ್ಟೇ ಅಲ್ವಾ?
ಬಿ.ಕಾಂ. ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಸರಿ ಮಾರಾಯ, ಕಪ್ ಲೆಕ್ಕಕ್ಕೇ ಬಾ. ಕಾನ್ಸಸ್ ಸಿಟಿಯವರು 2017ರ ಏಪ್ರಿಲ್‌ನಲ್ಲಿ 27ರಿಂದ 10ನೇ ಸರದಿಗೆ ಹಾರಿ ಪ್ಯಾಟ್ರಿಕ್ ಮಹೋಮ್ಸ್ ಅನ್ನುವ ಕ್ವಾರ್ಟರ್‌ಬ್ಯಾಕ್‌ನ ತಂದರು. ಆಗ ಮ್ಯಾನೇಜರ್ ಆಗಿದ್ದವನು ಜಾನ್ ಡಾರ್ಸಿ. ಜೂನ್‌ನಲ್ಲಿ ಡಾರ್ಸಿಯ ಕೆಲಸ ಹೋಯಿತು. ಎರಡು ತಿಂಗಳೂ ಆಗಿರಲಿಲ್ಲ. ಆಮೇಲೆ ಬಂದ ಬ್ರೆಟ್ ವೀಚ್ ಕಾಲದಲ್ಲಿ ಆ ಹುಡುಗ ಮೂರು ಸೂಪರ್ ಬೌಲ್ ಗೆದ್ದ. ಕಪ್ ಯಾರ ಲೆಕ್ಕಕ್ಕೆ ಬರೆಯುತ್ತೀಯ? ಸಸಿ ನೆಟ್ಟವನು ಒಬ್ಬ, ಕೊನೆ ಇಳಿಸಿದವನು ಇನ್ನೊಬ್ಬ. ಇನ್ನೂ ಮಜಾ ಅಂದರೆ, ಮಹೋಮ್ಸ್ ಬೇಕೇ ಬೇಕು ಅಂತ ಒಳಗಿನಿಂದ ಹಠ ಹಿಡಿದವರಲ್ಲಿ ಈ ವೀಚ್ ಕೂಡ ಒಬ್ಬ. ಡಾರ್ಸಿಗೆ ಆ 10ನೇ ಸರದಿ ಬಿಟ್ಟುಕೊಟ್ಟಿದ್ದು ಬಫಲೋ ತಂಡ. ಆ ತಂಡದ ಮ್ಯಾನೇಜರ್‌ಗೂ ಡ್ರಾಫ್ಟ್ ಮುಗಿದ ಮಾರನೇ ದಿನವೇ ಮನೆಗೆ ಹೋಗು ಅಂದರು. ಆ ವ್ಯಾಪಾರಕ್ಕೆ ಕೈ ಕುಲುಕಿದ ಇಬ್ಬರೂ ಫಸಲು ನೋಡಲಿಲ್ಲ.

ವೀಚ್‌ನ ನಾನು ಮೆಚ್ಚುವುದು ಕಪ್ಪಿಗಲ್ಲ, ಒಂದು ಮಾರಾಟಕ್ಕೆ. 2022ರಲ್ಲಿ ತಂಡದ ಮಿಂಚು ಟೈರೀಕ್ ಹಿಲ್‌ನ ಐದು ಡ್ರಾಫ್ಟ್ ಸರದಿಗಳಿಗೆ ಮಯಾಮಿಗೆ ಕೊಟ್ಟುಬಿಟ್ಟ. ಅಳಿಯ ಆ ದಿನ ಊಟ ಬಿಟ್ಟಿದ್ದನಂತೆ. ಹಿಲ್ ಇಲ್ಲದೇ ಮುಂದಿನ ಎರಡು ಸೀಸನ್‌ನ ಸೂಪರ್ ಬೌಲ್ ಎರಡನ್ನೂ ಗೆದ್ದರು. ರೇಟು ಮೇಲಿರುವಾಗ ಮಾಲು ಬಿಡುವುದು ದೊಡ್ಡ ವಿದ್ಯೆ. ಇನ್ನೂ ಏರಬಹುದು ಅಂತ ಗೋಡೌನ್‌ನಲ್ಲಿ ಇಟ್ಟುಕೊಂಡು ಕೂತವರನ್ನು ಮಂಡಿ ಪೇಟೆಯಲ್ಲಿ ಎಷ್ಟು ಜನ ತೋರಿಸಲಿ?

ಪ್ರಶ್ನೆ: ಅಣ್ಣ, ಆರ್‌ಸಿಬಿ ಹರಾಜಿನ ದಿನ ನಮ್ಮನೆಯವರು ರಿಮೋಟ್ ಎಸೆದು ತೋಟಕ್ಕೆ ಹೋಗಿದ್ದರು. ಆರು ತಿಂಗಳಲ್ಲಿ ಅದೇ ತಂಡ ಕಪ್ ಗೆದ್ದಿತು. ಈಗ "ನಾನು ಆವತ್ತೇ ಹೇಳಿದ್ದೆ" ಅನ್ನುತ್ತಾರೆ. ಏನು ಮಾಡಲಿ?
ಗೃಹಿಣಿ, ಹೊಸನಗರ

ಉತ್ತರ: ತಂಗಿ, ಆವತ್ತು ಏನು ಹೇಳಿದರು ಅಂತ ಕ್ಯಾಲೆಂಡರ್ ಮೇಲೆ ಬರೆದಿಡಬೇಕಿತ್ತು. ಅದೊಂದೇ ಮದ್ದು. ಪ್ರತಿ ತಂಡಕ್ಕೂ 120 ಕೋಟಿ ಇತ್ತು. ಮೂವರನ್ನು ಉಳಿಸಿಕೊಂಡು 83 ಕೋಟಿ ಹಿಡಿದು 2024ರ ನವೆಂಬರ್‌ನಲ್ಲಿ ಆರ್‌ಸಿಬಿ ಹರಾಜಿಗೆ ಹೋಯಿತು. ನಮ್ಮ ಕೆ.ಎಲ್. ರಾಹುಲ್ 14 ಕೋಟಿಗೆ ಡೆಲ್ಲಿ ಪಾಲಾದಾಗ ರಿಮೋಟ್ ಎಸೆದವರು ನಿಮ್ಮ ಯಜಮಾನರು ಒಬ್ಬರೇ ಅಲ್ಲ, ನಾನೂ ಎಸೆದಿದ್ದೆ. ಆ ದುಡ್ಡಲ್ಲಿ ಹೇಜಲ್‌ವುಡ್, ಭುವನೇಶ್ವರ್ ಅಂತ ಬೌಲಿಂಗ್ ಕಟ್ಟಿದರು. 5.75 ಕೋಟಿಗೆ ಬಂದ ಕೃಣಾಲ್ ಪಾಂಡ್ಯ ಫೈನಲ್‌ನಲ್ಲಿ ಪಂದ್ಯಶ್ರೇಷ್ಠ. ಗೆದ್ದಿದ್ದು ಬರೀ 6 ರನ್‌ನಿಂದ. ಆ 6 ರನ್ ಆ ಕಡೆ ಹೋಗಿದ್ದರೆ ಇದೇ ಹರಾಜನ್ನು ಜನ ದಡ್ಡತನ ಅನ್ನುತ್ತಿದ್ದರು. ಹರಾಜು ಮಾತ್ರ ಅದೇ ಹರಾಜು.

ಪ್ರಶ್ನೆ: 'ಡೆಡ್ ಮನಿ' ಅಂತ ಆ ಕಡೆಯ ಕಾಮೆಂಟರಿಯಲ್ಲಿ ಕೇಳಿದೆ. ಸತ್ತ ದುಡ್ಡು ಅಂದರೇನು?
ಬ್ಯಾಂಕ್ ನೌಕರ, ಸಾಗರ

ಉತ್ತರ: ಬ್ಯಾಂಕ್‌ನವರಿಗೆ ಸುಲಭವಾಗಿ ಅರ್ಥವಾಗುತ್ತದೆ: ವಸೂಲಾಗದ ಸಾಲ. ಆಟಗಾರ ಹೋದ ಮೇಲೂ, ಅವನಿಗೆ ಖಾತ್ರಿ ಕೊಟ್ಟ ದುಡ್ಡು ಸಂಬಳದ ಮಿತಿಯೊಳಗೇ ಲೆಕ್ಕ ಕೂರುತ್ತದೆ. ಡೆನ್ವರ್ ತಂಡ 2022ರಲ್ಲಿ ರಸೆಲ್ ವಿಲ್ಸನ್ ಅನ್ನುವ ಕ್ವಾರ್ಟರ್‌ಬ್ಯಾಕ್‌ನ ತಂದಿತು. ಅವರ ಪರವಾಗಿ ಒಂದು ಪಂದ್ಯವನ್ನೂ ಆಡುವ ಮೊದಲೇ ಐದು ವರ್ಷಕ್ಕೆ 24.5 ಕೋಟಿ ಡಾಲರ್‌ನ ಹೊಸ ಕರಾರು ಮಾಡಿತು. 2024ರ ಮಾರ್ಚ್‌ನಲ್ಲಿ ಕೈ ಬಿಟ್ಟಿತು. ಹೋದವನ ಹೆಸರಲ್ಲಿ ಎರಡು ವರ್ಷಕ್ಕೆ ಹಂಚಿ 8.5 ಕೋಟಿ ಡಾಲರ್ ಲೆಕ್ಕಕ್ಕೆ ಕೂತಿತು. ಆದರೆ ಅದೇ ಮ್ಯಾನೇಜರ್ ಜಾರ್ಜ್ ಪೇಟನ್ ಆ ವರ್ಷವೇ ಬೋ ನಿಕ್ಸ್ ಅನ್ನುವ ಹೊಸ ಹುಡುಗನನ್ನು 12ನೇ ಸರದಿಯಲ್ಲಿ ತಂದ. ಆ ಸಾಲದ ಹೊರೆ ಹೊತ್ತುಕೊಂಡೇ ತಂಡ 10–7 ಮಾಡಿ ಪ್ಲೇಆಫ್‌ಗೆ ಹೋಯಿತು. ಬೆಂಕಿ ಹಚ್ಚಿದವನೂ ಅವನೇ, ನೀರು ಹೊತ್ತವನೂ ಅವನೇ. ಇಂಥವರಿಗೆ ಅಂಕ ಹಾಕುವುದು ತೀರ್ಥಹಳ್ಳಿ ಮೇಷ್ಟ್ರಿಗೂ ಕಷ್ಟ.

ಪ್ರಶ್ನೆ: ಹೊಸ ಮ್ಯಾನೇಜರ್‌ಗೆ ಎಷ್ಟು ವರ್ಷ ಸಮಯ ಕೊಡಬೇಕು?
ಭದ್ರಾವತಿಯ ಓದುಗರು

ಉತ್ತರ: ಭದ್ರಾವತಿಯವರು ಈ ಪ್ರಶ್ನೆ ಕೇಳಬಹುದಾ ಸ್ವಾಮಿ? 1949ರಲ್ಲಿ ನಿಮ್ಮೂರಲ್ಲೇ ಹುಟ್ಟಿದ ಜಿ.ಆರ್. ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ಮೊದಲ ಟೆಸ್ಟ್ ಆಡಿದರು. ಮೊದಲ ಇನ್ನಿಂಗ್ಸ್‌ನಲ್ಲಿ ಸೊನ್ನೆ. ಎರಡನೆಯದರಲ್ಲಿ 137. ಆಯ್ಕೆ ಮಾಡಿದವರನ್ನು ಮಧ್ಯದ ಚಹಾ ವಿರಾಮದಲ್ಲಿ ಅಳೆದಿದ್ದರೆ?

ಮ್ಯಾನೇಜರ್‌ಗೆ ನನ್ನ ಲೆಕ್ಕ ನಾಲ್ಕು ವರ್ಷ. ಸುಮ್ನೆ ಹೇಳಿದ ಸಂಖ್ಯೆ ಅಲ್ಲ. ಮೊದಲ ವರ್ಷ ತಂದ ಹುಡುಗರ ಕರಾರು ಮುಗಿಯುವುದು ಆಗಲೇ. ಅಡಿಕೆ ಸಸಿ ನೆಟ್ಟವನನ್ನು ಎರಡನೇ ವರ್ಷ ಫಸಲೆಲ್ಲಿ ಅಂತ ಯಾರೂ ಕೇಳುವುದಿಲ್ಲ. ನ್ಯೂ ಇಂಗ್ಲೆಂಡ್ ತಂಡದಲ್ಲಿ ಕೋಚ್ ಕೆಲಸ, ಆಯ್ಕೆ ಕೆಲಸ ಎರಡನ್ನೂ ನೋಡಿಕೊಳ್ಳುತ್ತಿದ್ದ ಬಿಲ್ ಬೆಲಿಚಿಕ್ 2000ದಲ್ಲಿ, ಅಂದರೆ ಮೊದಲ ವರ್ಷ, 5 ಗೆದ್ದು 11 ಸೋತ. ಅದೇ ವರ್ಷ 199ನೇ ಸರದಿಯಲ್ಲಿ ಟಾಮ್ ಬ್ರೇಡಿ ಅನ್ನುವ ಹುಡುಗನನ್ನು ತಂದಿದ್ದ. ಮುಂದಿನ ಸೀಸನ್‌ಗೇ ಕಪ್. ಆದರೆ ಸಸಿಗೆ ಬುಡ ಬಿಡಿಸಿದ್ದಾನಾ, ಗೊಬ್ಬರ ಹಾಕಿದ್ದಾನಾ, ಕಳೆ ತೆಗೆದಿದ್ದಾನಾ ಅಂತ ಮೊದಲ ವರ್ಷವೇ ನೋಡಬಹುದು. ಅದಕ್ಕೆ ಕಾಯಬೇಕಿಲ್ಲ.

ಪ್ರಶ್ನೆ: ಬೇರೆಯವರಿಗೆಲ್ಲ ಅಂಕ ಹಾಕುತ್ತೀರಲ್ಲ, ನೀವು ಮ್ಯಾನೇಜರ್ ಆಗಿದ್ದ ವಾಲಿಬಾಲ್ ಟೀಮಿಗೆ ಎಷ್ಟು ಹಾಕಿಕೊಳ್ಳುತ್ತೀರಿ? ನಾನು ಯಾರು ಅಂತ ಗೊತ್ತಾಯ್ತಾ?
ಹೆಸರು ಬೇಡ, ಕೊಪ್ಪ

ಉತ್ತರ: ಗೊತ್ತಾಯ್ತು ಮಾರಾಯ. ಅಕ್ಷರ ನೋಡಿದ ಕೂಡಲೇ ಗೊತ್ತಾಯ್ತು. ಓದುಗರಿಗೂ ಹೇಳಿಬಿಡುತ್ತೇನೆ.

ಊರಲ್ಲಿ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿ. ನಮ್ಮ ಕೇರಿ ಟೀಮಿಗೆ ನಾನು ಮ್ಯಾನೇಜರ್. ಆ ಸಲ ಹೇಗಾದರೂ ಶೀಲ್ಡ್ ತರಬೇಕು ಅಂತ ಘಟ್ಟದ ಕೆಳಗಿನಿಂದ ಆರಡಿ ಮೂರಿಂಚಿನ ಒಬ್ಬ ಗೆಸ್ಟ್ ಪ್ಲೇಯರ್‌ನ ಕರೆಸಿದೆ. ಅವನು ಆಡಿದ್ದನ್ನು ನಾನು ನೋಡಿದ್ದು ಒಂದೇ ಸಲ. ಅದೂ ಬಸ್ಸಿಗೆ ಕಾಯುತ್ತಾ, ಬೇಲಿ ಆಚೆಯಿಂದ. ಅವನಿಗೆ ಜಾಗ ಮಾಡಲು ನಮ್ಮ ಕುಳ್ಳ ಲಿಫ್ಟರ್‌ನ ಹೊರಗೆ ಕೂರಿಸಿದೆ. ನಾಲ್ಕು ವರ್ಷದಿಂದ ಪ್ರತಿ ಸಂಜೆ ಗದ್ದೆ ಬಯಲಲ್ಲಿ ಚೆಂಡೆತ್ತಿ ಕೊಡುತ್ತಿದ್ದ ಹುಡುಗ. ಯಾರಿಗೆ ಎಷ್ಟು ಎತ್ತರಕ್ಕೆ ಎತ್ತಬೇಕು ಅಂತ ಕಣ್ಣು ಮುಚ್ಚಿ ಗೊತ್ತಿತ್ತು ಅವನಿಗೆ. ಎತ್ತಿ ಕೊಡುವವನೇ ಇಲ್ಲದ ಮೇಲೆ ಆರಡಿ ಮೂರಿಂಚಿನವನು ಏನು ಹೊಡೆಯುತ್ತಾನೆ? ಚೆಂಡು ನೆಟ್ಟಿಗೆ, ಇಲ್ಲವೇ ಅಡಿಕೆ ತೋಟಕ್ಕೆ. ಸೆಮಿಫೈನಲ್‌ನಲ್ಲೇ ಹೊರಗೆ. ಬಂದ ಬಹುಮಾನ ಒಂದು ಬಾಳೆಗೊನೆ. ಮುಂದಿನ ವರ್ಷ ಆ ಕುಳ್ಳ ಲಿಫ್ಟರ್ ಪಕ್ಕದ ಊರಿನ ಟೀಮಿಗೆ ಹೋದ. ಫೈನಲ್‌ನಲ್ಲಿ ನಮ್ಮನ್ನೇ ಹೊಡೆದು ಶೀಲ್ಡ್ ಹೊತ್ತುಕೊಂಡು ನಮ್ಮ ಮನೆ ಮುಂದೆಯೇ ಮೆರವಣಿಗೆ ಹೋದ. ನಾನು ಬಾಗಿಲು ಹಾಕಿಕೊಂಡು ಒಳಗಿದ್ದೆ. ಕಿಟಕಿ ಸಂದಿಯಿಂದ ನೋಡಿದ್ದು ನಿನಗೆ ಕಂಡಿತ್ತು ಅಂತ ಕಾಣುತ್ತದೆ.

ಲ್ಯಾನ್ಸ್‌ಗೆ ಲಿಂಚ್ ಕೊಟ್ಟ ಬೆಲೆಗೆ ಹದಿನೈದು ಕಳೆದೆ ಅಂದೆನಲ್ಲ, ನನಗೆ ನಾನು ಕಳೆದುಕೊಂಡಿದ್ದು ಮೂವತ್ತು. ಪಾಸ್ ಆಗಿದ್ದೇನೆ, ಅಷ್ಟೇ. ಎಷ್ಟಕ್ಕೆ ಪಾಸು ಅಂತ ಕೇಳಬೇಡ.

ಆ ವರ್ಷದ ಲೆಕ್ಕದ ಪುಸ್ತಕ ಇನ್ನೂ ಟ್ರಂಕಿನಲ್ಲಿದೆ. ನಿನ್ನ ಕಾಗದ ಬಂದ ಮೇಲೆ ತೆಗೆದು ನೋಡಿದೆ. ಗೆಸ್ಟ್ ಪ್ಲೇಯರ್‌ಗೆ 3000. ಅವನ ಬಸ್ ಚಾರ್ಜು 180. ಕೋಳಿ ಸಾರು ಊಟ, 640. ಎರಡು ಗೆರೆ ಕೆಳಗೆ ನಿನ್ನ ಹೆಸರು, ಅದರ ಮುಂದೆ 'ಟೀ 4' ಅಂತಿದೆ. ಅದಕ್ಕೆ ಸುತ್ತು ಹಾಕಿ 'ಕೊಡಬೇಕು' ಅಂತ ಬರೆದಿದ್ದೇನೆ. ಶಿವಮೊಗ್ಗಕ್ಕೆ ಬಂದಾಗ ಗೋಪಿ ಸರ್ಕಲ್ ಹತ್ತಿರ ನಿಂತು ಒಂದು ಫೋನ್ ಮಾಡು, ಬಂದು ಕೊಡುತ್ತೇನೆ.